ಓಟೋ ಲಿಲಿಯೆಂತಾಲನೂ ಆತನ ವಾಯುಬಲದ ಕೋಷ್ಟಕವೂ

ಗಗನಯಾನದ ಇತಿಹಾಸವನ್ನು ಬರೆಯುವವರು ಅಮೆರಿಕದ ರೈಟ್ ಸಹೋದರರ ಯಂತ್ರವಿಮಾನವು ೧೯೦೩ನೆಯ ಇಸವಿ ಡಿಸೆಂಬರ್ ೧೭ರಂದು ೧೨ ಸೆಕೆಂಡುಗಳ ಕಾಲ ಹಾರಿದುದರಿಂದ ಕಥೆಯನ್ನು ಆರಂಭಿಸುವುದು ವಾಡಿಕೆ. ಅವರಿಗಿಂತ ಹಿಂದಿನವನಾದ ಜರ್ಮನಿಯ ಓಟೋ ಲಿಲಿಯೆಂತಾಲನ ಪ್ರಸ್ತಾಪವು ಬಂದರೂ ಎರಡು ಮಾತುಗಳಲ್ಲಿ ಮುಗಿದುಹೋಗುವುದುಂಟು: ಆತನು ಬಿದ್ದು ಮೃತನಾದನೆಂಬುದು ಒಂದು, ಆತನ ಲೆಕ್ಕಗಳು ತಪ್ಪಾಗಿದ್ದುವೆಂಬುದು ಇನ್ನೊಂದು. ಮೊದಲನೆಯದು ನಿರ್ವಿವಾದವಾದುದು. ಎರಡನೆಯದು ವಿಚಾರಾರ್ಹವಾಗಿದೆ.

ಲಿಲಿಯೆಂತಾಲನು ೧೮೪೮ನೆಯ ಇಸವಿ ಮೇ ೨೩ರಂದು ಪೊಮೆರೇನಿಯ ಪ್ರಾಂತದ ಆಂಕ್ಲಾಮ್ ಎಂಬ ಊರಿನಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ಆತನೂ ತಮ್ಮನಾದ ಗುಸ್ಟಾವನೂ ಬಯಲಿನ ಕೊಕ್ಕರೆಗಳ ಹಾರಾಟವನ್ನು ನೋಡಿ, ತಾವೂ ರೆಕ್ಕೆಗಳನ್ನು ಕಟ್ಟಿಕೊಂಡು ಹಾರಲು ಯತ್ನಿಸಿದರು. ಮುಂದೆ ಬರ್ಲಿನ್ನಿನಲ್ಲಿ ಯಂತ್ರಶಾಸ್ತ್ರವನ್ನು ವ್ಯಾಸಂಗಮಾಡಿ, ೧೮೭೦-೭೧ರ ಫ್ರಾನ್ಸಿನ ಯುದ್ಧದಲ್ಲಿ ಸೈನಿಕನಾಗಿದ್ದು, ತರುವಾಯ ಅದೇ ನಗರದಲ್ಲಿ ಉಗಿಯಂತ್ರಗಳನ್ನೂ ಬಾಯ್ಲರುಗಳನ್ನೂ ತಯಾರಿಸುವ ಕಾರ್ಖಾನೆಯನ್ನು ಸ್ಥಾಪಿಸಿದನು. ಅದರಿಂದ ಜೀವನವು ನಡೆಯಿತು. ಮನಸ್ಸು ಮಾತ್ರ ಪಕ್ಷಿಗಳಲ್ಲಿಯೇ ನೆಟ್ಟಿದ್ದಿತು.

ಹಾರುವುದಕ್ಕೆ ಮೊದಲು ಅಳೆಯಬೇಕೆಂಬುದು ಆತನ ಕ್ರಮ. ತಿರುಗುವ ತೋಳಿನ ತುದಿಗೆ ಬಗೆಬಗೆಯ ಫಲಕಗಳನ್ನು ಕಟ್ಟಿ, ಗಾಳಿಯು ಅವನ್ನು ಎತ್ತುವ ಬಲವನ್ನು ಸಹೋದರರು ಅನೇಕ ವರ್ಷಗಳ ಕಾಲ ಅಳೆದರು. ಚಪ್ಪಟೆಯಾದ ಫಲಕಕ್ಕಿಂತ ಪಕ್ಷಿಯ ರೆಕ್ಕೆಯಂತೆ ಅಲ್ಪವಾಗಿ ಬಾಗಿದ ಫಲಕಕ್ಕೆ ಎತ್ತುವ ಬಲವು ಅಧಿಕವೆಂಬುದು ಇದರಿಂದ ಸಿದ್ಧವಾಯಿತು. ೧೮೮೯ರಲ್ಲಿ ಆತನು ಪ್ರಕಟಿಸಿದ, ಹಾರುವ ವಿದ್ಯೆಗೆ ಪಕ್ಷಿಗಳ ಹಾರಾಟವೇ ಆಧಾರವೆಂದು ಸಾರುವ ಗ್ರಂಥವು ಈ ಶ್ರಮದ ಫಲ.

ಅನುಮಾನಕ್ಕೆ ಪ್ರತ್ಯಕ್ಷವು ಒದಗಬೇಕಷ್ಟೆ. ೧೮೯೧ರಲ್ಲಿ ಡೆರ್ವಿಟ್ಸ್ ಗ್ರಾಮದ ಬಳಿ ಆತನು ಸುಮಾರು ೨೫ ಮೀಟರುಗಳಷ್ಟು ಗಾಳಿಯಲ್ಲಿ ತೇಲಿದನು. ೧೮೯೪ರಲ್ಲಿ ಬರ್ಲಿನ್ನಿನ ಬಳಿಯ ಲಿಖ್ಟರ್‌ಫೆಲ್ಡೆಯಲ್ಲಿ ೧೫ ಮೀಟರು ಎತ್ತರದ ಕೃತಕ ಗುಡ್ಡವನ್ನೇ ಕಟ್ಟಿಸಿದನು. ರೀನೋ ಗುಡ್ಡಗಳಿಂದ ೨೫೦ ಮೀಟರುಗಳ ವರೆಗೆ ಹಾರಿದುದೂ ಉಂಟು. ಐದಾರು ವರ್ಷಗಳಲ್ಲಿ ಇಂತಹ ಹಾರಾಟಗಳು ಸುಮಾರು ೨೦೦೦ ನಡೆದುವು.

ಇನ್ನು ಆಕ್ಷೇಪದ ವಿಚಾರ. ರೈಟ್ ಸಹೋದರರು ಈತನ ಕೋಷ್ಟಕವನ್ನು ನಂಬಿ ಗ್ಲೈಡರುಗಳನ್ನು ಕಟ್ಟಿದರು. ೧೯೦೧ರಲ್ಲಿ ಅವುಗಳ ಎತ್ತುವ ಬಲವು ಲೆಕ್ಕಕ್ಕಿಂತ ಬಹಳ ಕಡಮೆಯಾಗಿ ಕಂಡುಬಂದಿತು. ಆದುದರಿಂದ ಕೋಷ್ಟಕವು ದುಷ್ಟವಾದುದೆಂಬುದು ಪೂರ್ವಪಕ್ಷ. ಸಹೋದರರಿಗೂ ಮೊದಲಿಗೆ ಈ ಸಂಶಯವೇ ಹುಟ್ಟಿತು. ಆದರೆ ಅವರು ಸಂಶಯದಲ್ಲಿ ನಿಲ್ಲದೆ, ಅದೇ ವರ್ಷ ಡೇಟನ್ ನಗರದಲ್ಲಿ ಒಂದು ಸಣ್ಣ ವಾಯುಸುರಂಗವನ್ನು ನಿರ್ಮಿಸಿ ಅನೇಕ ಮಾದರಿ ರೆಕ್ಕೆಗಳನ್ನು ಪರೀಕ್ಷಿಸಿದರು. ಆಗ, ಲಿಲಿಯೆಂತಾಲನು ಪರೀಕ್ಷಿಸಿದ ಆಕಾರದ ರೆಕ್ಕೆಗೆ ಆತನ ಅಂಕೆಗಳು ಬಹುಮಟ್ಟಿಗೆ ಸರಿಯೆಂದೇ ತಿಳಿದುಬಂದಿತು. ದೋಷವಿದ್ದುದು ಮುಖ್ಯವಾಗಿ ಎರಡೆಡೆಗಳಲ್ಲಿ. ಲೆಕ್ಕಕ್ಕೆ ಬಳಸಿದ ವಾಯುವಿನ ಒತ್ತಡದ ಸ್ಥಿರಾಂಕವು ೧೮ನೆಯ ಶತಮಾನದ ಇಂಗ್ಲೆಂಡಿನ ಸ್ಮೀಟನ್ನನ ಹೆಸರಿನಲ್ಲಿ ಪರಂಪರೆಯಾಗಿ ಬಂದುದು, ಅದರ ೦.೦೦೫ ಎಂಬ ಬೆಲೆಯು ನಿಜವಾದ ಸುಮಾರು ೦.೦೦೩೩ಕ್ಕಿಂತ ಒಂದೂವರೆ ಪಟ್ಟು ಹೆಚ್ಚಾಗಿದ್ದಿತು. ಮೇಲಾಗಿ, ಒಂದು ಆಕಾರದ ರೆಕ್ಕೆಗೆ ಹೇಳಿದ ಕೋಷ್ಟಕವನ್ನು ಬೇರೆ ಆಕಾರದ ರೆಕ್ಕೆಗೆ ಅನ್ವಯಿಸಲಾಗಿದ್ದಿತು. ಹಳೆಯ ಓಲೆಯ ಲಿಪಿಕಾರನ ಪ್ರಮಾದವನ್ನು ವ್ಯಾಖ್ಯಾನಕಾರನ ತಲೆಗೆ ಕಟ್ಟುವುದು ಎಷ್ಟು ಯುಕ್ತವೋ ಲಿಲಿಯೆಂತಾಲನನ್ನು ದೂಷಿಸುವುದೂ ಅಷ್ಟೇ ಯುಕ್ತ.

ಆತನ ನಿಜವಾದ ನ್ಯೂನತೆಯು ಬೇರೆಡೆಯಲ್ಲಿದೆ. ಮೈಯನ್ನೂ ಕಾಲುಗಳನ್ನೂ ಅತ್ತಿತ್ತ ತೂಗಿ ಭಾರವನ್ನು ಬದಲಿಸುವುದರಿಂದಲೇ ಆತನು ವಿಮಾನದ ಸಮತೋಲವನ್ನು ಕಾಯುತ್ತಿದ್ದನು. ಬಿರುಗಾಳಿಯ ಮುಂದೆ ಈ ಉಪಾಯವು ಸಾಲದು. ೧೮೯೬ನೆಯ ಇಸವಿ ಆಗಸ್ಟ್ ೯ರಂದು ಸ್ಟೋಲ್ನ್ ಗ್ರಾಮದ ಗುಡ್ಡದಲ್ಲಿ ವಿಮಾನವು ಗಾಳಿಯಲ್ಲಿ ವೇಗಗುಂದಿ ಕೆಳಗುರುಳಿ, ಆತನ ಬೆನ್ನುಮೂಳೆ ಮುರಿಯಿತು. ಮರುದಿನ ಬರ್ಲಿನ್ನಿನಲ್ಲಿ ಪ್ರಾಣವು ಹೋಯಿತು. ರೆಕ್ಕೆಯ ತುದಿಗಳನ್ನೇ ತಿರುಚಿ ಸಮತೋಲವನ್ನು ಸಾಧಿಸುವ ರೈಟ್ ಸಹೋದರರ ಉಪಾಯವು ಈ ಕೊರತೆಯನ್ನು ತುಂಬಿತು.

ಈ ಮರಣದ ವಾರ್ತೆಯೇ ತನ್ನ ಆಸಕ್ತಿಯನ್ನು ಎಚ್ಚರಿಸಿತೆಂದು ವಿಲ್ಬರ್ ರೈಟನು ಹೇಳಿದ್ದಾನೆ. ೧೯೧೨ರಲ್ಲಿ ಪ್ರಕಟವಾದ ಲೇಖನವೊಂದರಲ್ಲಿ ಹತ್ತೊಂಬತ್ತನೆಯ ಶತಮಾನದ ಸಾಧಕರೆಲ್ಲರಲ್ಲಿ ಲಿಲಿಯೆಂತಾಲನಿಗೇ ಅಗ್ರಸ್ಥಾನವನ್ನು ಕೊಟ್ಟವನೂ ಆತನೇ. ಕೋಷ್ಟಕವನ್ನು ಮೊದಲು ಶಂಕಿಸಿ, ತಾನೇ ಪರೀಕ್ಷಿಸಿದವನ ಈ ಸಾಕ್ಷ್ಯಕ್ಕಿಂತ ಬಲವಾದ ಪ್ರಮಾಣವು ಬೇರೆ ಬೇಕಿಲ್ಲ.