ಅಳಿವೆಯ ತಳದ ಮಣ್ಣು: ಜಾಲಿಯಿಂದ ತದಡಿಯವರೆಗೆ

ಪೀಠಿಕೆ

ಮಣ್ಣು ಎಂದರೆ ನೇಗಿಲು ಊರುವ ನೆಲ ಎಂಬ ನಂಬಿಕೆ ನಮ್ಮ ದಾಖಲೆಗಳಲ್ಲಿ ಗಟ್ಟಿಯಾಗಿ ಕೂತಿದೆ. ಕರ್ನಾಟಕದ ಮಣ್ಣಿನ ನಕಾಶೆಗಳಲ್ಲಿ ಉತ್ತರ ಕನ್ನಡದ ಅಳಿವೆಗಳಿಗೆ ಬಳಿದಿರುವುದು ನೀರಿನ ಬಣ್ಣ. ಮಣ್ಣಿನ ಗೆರೆ ದಡಕ್ಕೇ ನಿಲ್ಲುತ್ತದೆ. ಆದರೆ ಆ ನೀರಿನಡಿಯ ಕೆಸರಲ್ಲಿ ಕೈಯಾಡಿಸಿ ಬಳಚು (ಚಿಪ್ಪಿ) ಹೆಕ್ಕುವವರಿದ್ದಾರೆ. ಅದೇ ಕೆಸರಿಗೆ ಒಡ್ಡು ಹಾಕಿ ಕಗ್ಗ ಭತ್ತ ಬೆಳೆದವರಿದ್ದಾರೆ. ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಅದನ್ನು ತುಳಿದು ಹದಮಾಡಿ ಉಪ್ಪು ತೆಗೆಯುವವರಿದ್ದಾರೆ. ಮೂವರೂ ತಳವನ್ನು ಮಣ್ಣೆಂದೇ ತಿಳಿದು ದುಡಿದವರು. ವಿಜ್ಞಾನ ಆ ಮಾತನ್ನು ಪೂರ್ತಿಯಾಗಿ ಒಪ್ಪಿಕೊಳ್ಳಲು ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಆಡಳಿತ ಇನ್ನೂ ಒಪ್ಪಿಲ್ಲ. ಈ ತಡದಿಂದ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಅಳಿವೆಗಳಿಗೆ ಏನಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ಷೇತ್ರ

ಜಾಲಿ ಭಟ್ಕಳ ಪಟ್ಟಣಕ್ಕೆ ತಾಗಿದ ಕಡಲತಡಿ. ಅದರ ದಕ್ಷಿಣಕ್ಕೆ ಶರಾಬಿ ಹೊಳೆ, ಉತ್ತರಕ್ಕೆ ತೆಂಗಿನಗುಂಡಿ–ಅಳ್ವೆಕೋಡಿಯ ಬಳಿ ವೆಂಕಟಾಪುರ ಹೊಳೆ ಸಮುದ್ರ ಸೇರುತ್ತವೆ. ಇನ್ನೂ ಉತ್ತರಕ್ಕೆ ಸಾಗಿದರೆ ಹೊನ್ನಾವರದಲ್ಲಿ ಶರಾವತಿ, ತದಡಿಯಲ್ಲಿ ಅಘನಾಶಿನಿ. ಎಲ್ಲವೂ ಘಟ್ಟದಿಂದ ಇಳಿದು ಸ್ವಲ್ಪ ದೂರದಲ್ಲೇ ಕಡಲು ಕಾಣುವ ನದಿಗಳು. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೆ ಮುಗಿಯುತ್ತದೆ. ಆಗ ಅಳಿವೆಯಲ್ಲಿ ಸಿಹಿನೀರಿನದೇ ದರ್ಬಾರು. ಬೇಸಿಗೆಯಲ್ಲಿ ಉಬ್ಬರದ ಜೊತೆ ಉಪ್ಪುನೀರು ಹಿಮ್ಮುಖವಾಗಿ ಒಳನಾಡಿಗೆ ನುಗ್ಗುತ್ತದೆ.

ತಳದ ಮಣ್ಣಿನ ಮೂಲದ್ರವ್ಯ ಬರುವುದು ಮೂರು ಕಡೆಯಿಂದ. ಮೊದಲನೆಯದು ದಂಡೆಯ ಗುಡ್ಡಗಳು; ಅವು ಬಹುಮಟ್ಟಿಗೆ ಚಿರೆಕಲ್ಲಿನವು. 1801ರಲ್ಲಿ ಈ ಕರಾವಳಿಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸಗ್ರಂಥದಲ್ಲಿ ಮಲಬಾರಿನ ಅಂಗಾಡಿಪುರದ ಕಲ್ಲನ್ನು ವರ್ಣಿಸುತ್ತ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇದೇ ಜಾತಿಯ ಕಲ್ಲಿಗೆ. ಅದು ಸವೆದು ಬರುವ ಜೇಡಿಯಲ್ಲಿ ಕಬ್ಬಿಣ ಹೇರಳ. ಎರಡನೆಯದು ಸಮುದ್ರ: ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಮೂರನೆಯದು ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು ಉದುರಿಸುವ ಎಲೆ, ಬೇರು, ಕೊಳೆತ ಕಡ್ಡಿ. ಕಬ್ಬಿಣ, ಗಂಧಕ, ಸಾವಯವ ಇಂಗಾಲ ಈ ಮೂರೂ ಗಾಳಿ ಸೋಕದ ಜಾಗದಲ್ಲಿ ಕೂಡಿದರೆ ಹುಟ್ಟುವ ಮಣ್ಣೇ ಅಳಿವೆಯ ಕಪ್ಪು ಕೆಸರು.

ಪರಿಕಲ್ಪನೆಯ ಚರಿತ್ರೆ

ನೀರಿನಡಿಯ ಕೆಸರನ್ನು ಬಗೆ ಬಗೆಯಾಗಿ ವಿಂಗಡಿಸಿದ ಮೊದಲಿಗರಲ್ಲಿ ಸ್ವೀಡನ್ನಿನ ಹಾಂಪುಸ್ ಫಾನ್ ಪೋಸ್ಟ್ ಪ್ರಮುಖ. 1862ರಲ್ಲಿ ಆತ ಕೆರೆ-ಸರೋವರಗಳ ತಳದ ಸಾವಯವ ಕೆಸರಿಗೆ ಗಿಟ್ಯಾ, ಡಿ ಎಂಬ ಎರಡು ವರ್ಗ ಮಾಡಿದ. ಆದರೆ ಮುಂದೆ ಮಣ್ಣುವಿಜ್ಞಾನ ಬೆಳೆದದ್ದು ಒಣನೆಲದ ಮೇಲೆ. 1883ರಲ್ಲಿ ರಷ್ಯದ ವಾಸಿಲಿ ಡೊಕುಚಾಯೆವ್ ಹುಲ್ಲುಗಾವಲಿನ ಕರಿಮಣ್ಣಿನ ಅಧ್ಯಯನ ಪ್ರಕಟಿಸಿ, ಶಿಲೆ, ಹವೆ, ಜೀವಿ, ಇಳಿಜಾರು, ಕಾಲ ಇವು ಸೇರಿ ಮಣ್ಣು ರೂಪುಗೊಳ್ಳುತ್ತದೆ ಎಂಬ ಸೂತ್ರ ಕೊಟ್ಟ. ಅದೇ 1883ರಲ್ಲಿ ಮುಂಬಯಿ ಸರ್ಕಾರ ಕೆನರಾ ಜಿಲ್ಲೆಯ ಗ್ಯಾಸೆಟಿಯರ್ ಹೊರತಂದಿತು. ಉತ್ತರ ಕನ್ನಡ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ ಆಗ ಎರಡು ದಶಕವಾಗಿತ್ತು. ವಸಾಹತು ಆಡಳಿತಕ್ಕೆ ಮಣ್ಣೆಂದರೆ ಕಂದಾಯ ಕೊಡುವ ನೆಲ.

ತಳದ ಕೆಸರಿನ ರಸಾಯನಕ್ಕೆ ಕೀಲಿಕೈ ಸಿಕ್ಕಿದ್ದು 1895ರಲ್ಲಿ. ಡಚ್ ವಿಜ್ಞಾನಿ ಬೈಯೆರಿಂಕ್ ಸಲ್ಫೇಟನ್ನು ಉಸಿರಾಟಕ್ಕೆ ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುವ ಬ್ಯಾಕ್ಟೀರಿಯಾವನ್ನು ಗುರುತಿಸಿದ. 1953ರಲ್ಲಿ ಆಸ್ಟ್ರಿಯದ ವಾಲ್ಟರ್ ಕುಬಿಯೆನಾ ಯುರೋಪಿನ ಮಣ್ಣುಗಳನ್ನು ವರ್ಗೀಕರಿಸುವಾಗ ನೀರಿನಡಿಯ ಮಣ್ಣಿಗೆ ಸ್ವತಂತ್ರ ವಿಭಾಗವನ್ನೇ ಕೊಟ್ಟ. ಅಮೆರಿಕದ ವರ್ಗೀಕರಣ ಇದಕ್ಕೆ ಬಹುಕಾಲ ಕಿವಿಗೊಡಲಿಲ್ಲ. 1990ರ ದಶಕದಲ್ಲಿ ಮೇರಿಲ್ಯಾಂಡ್ ರಾಜ್ಯದ ಆಳವಿಲ್ಲದ ಕೊಲ್ಲಿಗಳಲ್ಲಿ ಸಮೀಕ್ಷೆ ಮಾಡಿದ ಜಾರ್ಜ್ ಡೆಮಾಸ್, ಅಲ್ಲಿನ ತಳದಲ್ಲೂ ಪದರಗಳು ಬೆಳೆಯುತ್ತವೆ, ಬೇರುಗಳು ಇಳಿಯುತ್ತವೆ, ಭೂರೂಪಕ್ಕೆ ತಕ್ಕಂತೆ ಮಣ್ಣು ಬದಲಾಗುತ್ತದೆ ಎಂದು ತೋರಿಸಿದರು. 1999ರಲ್ಲಿ ಅಮೆರಿಕದ ಮಣ್ಣು ವರ್ಗೀಕರಣ ತನ್ನ ವ್ಯಾಖ್ಯೆಯನ್ನೇ ತಿದ್ದಿ ಸುಮಾರು 2.5 ಮೀಟರ್ ಆಳದ ನೀರಿನವರೆಗೆ ಮಣ್ಣಿನ ಎಲ್ಲೆಯನ್ನು ಚಾಚಿತು. 2010ರಲ್ಲಿ ಜಲಾಂತರ್ಗತ ಮಣ್ಣುಗಳಿಗೆ ಪ್ರತ್ಯೇಕ ಉಪವರ್ಗಗಳು ಬಂದವು. ಈ ಅಳತೆ ಹಿಡಿದು ನೋಡಿದರೆ ಅಘನಾಶಿನಿ ಅಳಿವೆಯ ಇಳಿತದ ದಿಬ್ಬಗಳು, ಕಾಂಡ್ಲದ ಕೆಸರುಬಯಲು, ಆಳವಿಲ್ಲದ ಕೋಡಿಗಳೆಲ್ಲ ಮಣ್ಣಿನ ವ್ಯಾಪ್ತಿಗೇ ಬರುತ್ತವೆ.

ಗುಣಲಕ್ಷಣಗಳು

ಇಳಿತದ ಹೊತ್ತಿನಲ್ಲಿ ಒಂದು ಕೊಳವೆಯನ್ನು ಕೆಸರಿಗೆ ಒತ್ತಿ ಎತ್ತಿದರೆ ಪದರಗಳು ಕಣ್ಣಿಗೇ ಕಾಣುತ್ತವೆ. ಮೇಲಿನ ಕೆಲವು ಮಿಲಿಮೀಟರ್ ಕಂದು. ಅಲ್ಲಿ ಆಮ್ಲಜನಕ ಸಿಕ್ಕ ಕಬ್ಬಿಣ ತುಕ್ಕಾಗಿ ಕೂತಿರುತ್ತದೆ. ಅದರ ಕೆಳಗೆ ಬೂದು ಮಿಶ್ರಿತ ಕಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಏಡಿ ಕೊರೆದ ಬಿಲ, ಬೇರಿನ ಜಾಡು ಇದ್ದಲ್ಲಿ ಮಾತ್ರ ಕಪ್ಪಿನೊಳಗೆ ಕಂದು ಗೆರೆಗಳು ಇಳಿದಿರುತ್ತವೆ. ಆ ಕಪ್ಪು ಬಣ್ಣ ಕಬ್ಬಿಣದ ಸಲ್ಫೈಡಿನದು. ಕಾಲ ಕಳೆದಂತೆ ಅದು ಪೈರೈಟ್ ಎಂಬ ಸ್ಥಿರ ಖನಿಜವಾಗುತ್ತದೆ.

ಹಸಿಯಾಗಿರುವಷ್ಟು ಕಾಲ ಪೈರೈಟ್ ನಿರುಪದ್ರವಿ, ಮಣ್ಣಿನ ಪಿಎಚ್ 7ರ ಆಸುಪಾಸಿನಲ್ಲೇ ಇರುತ್ತದೆ. ಗಾಳಿ ತಗುಲಿದರೆ ಅದು ಗಂಧಕಾಮ್ಲ ಬಿಡುತ್ತದೆ. ಪಿಎಚ್ 4ಕ್ಕಿಂತ ಕೆಳಗೆ ಇಳಿಯುತ್ತದೆ, ಅಲ್ಯೂಮಿನಿಯಂ ಕರಗಿ ಬೇರನ್ನೂ ಮೀನಿನ ಕಿವಿರನ್ನೂ ಸುಡುತ್ತದೆ. ಇದನ್ನು ಹೊಲದಲ್ಲೇ ಪರೀಕ್ಷಿಸಬಹುದು: ಚಿಟಿಕೆ ಕೆಸರಿಗೆ ಹೈಡ್ರೋಜನ್ ಪೆರಾಕ್ಸೈಡ್ ಹನಿಸಿದರೆ ನೊರೆಯುಕ್ಕಿ ಬಿಸಿಯಾಗುತ್ತದೆ, ಪಿಎಚ್ ಕಾಗದ ಕೆಂಪಗಾಗುತ್ತದೆ. ಇಂಥ ಮಣ್ಣುಗಳ ಕುರಿತ ಮೊದಲ ಅಂತರರಾಷ್ಟ್ರೀಯ ವಿಚಾರಸಂಕಿರಣ ನಡೆದದ್ದು 1972ರಲ್ಲಿ, ನೆದರ್ಲೆಂಡ್ಸಿನ ವಾಗೆನಿಂಗೆನ್‌ನಲ್ಲಿ.

ಇನ್ನೊಂದು ಗುಣ ಬಿಗುಪು. ಡಚ್ ವಿಜ್ಞಾನಿಗಳಾದ ಪೊನ್ಸ್ ಮತ್ತು ಜೊನ್ನೆವೆಲ್ಡ್ 1965ರಲ್ಲಿ ಮಣ್ಣಿನ ‘ಮಾಗುವಿಕೆ’ಯನ್ನು ಅಳೆಯುವ ಕ್ರಮ ರೂಪಿಸಿದರು. ಮುಷ್ಟಿಯಲ್ಲಿ ಹಿಂಡಿದಾಗ ಕೆಸರು ಬೆರಳ ಸಂದಿಯಿಂದ ಸಲೀಸಾಗಿ ಹರಿದರೆ ಅದು ಮಾಗದ ಮಣ್ಣು, ಭಾರ ಹೊರದು. ಕಷ್ಟಪಟ್ಟು ಹೊರಬಂದರೆ ಅರೆಮಾಗಿದ್ದು. ಅಂಗೈಯಲ್ಲೇ ಉಳಿದರೆ ಮಾಗಿದ್ದು. ಒಡ್ಡು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕುಸಿಯುತ್ತದೆ ಎಂಬುದು ಈ ಒಂದು ಹಿಡಿ ಮಣ್ಣಿನಲ್ಲೇ ತಿಳಿಯುತ್ತದೆ.

ಗಜನಿ: ತಳದ ಮಣ್ಣಿನ ಬೇಸಾಯ

ಕುಮಟಾ ತಾಲ್ಲೂಕಿನ ಮಾಣಿಕಟ್ಟಾ, ಹೆಗಡೆ, ಮಾಸೂರು, ಕಾಗಾಲ, ಅಘನಾಶಿನಿ ಮೊದಲಾದ ಊರುಗಳ ಗಜನಿ ಭೂಮಿ ಗೋವೆಯ ಖಾಜನ್, ಕಣ್ಣೂರಿನ ಕೈಪಾಡ್, ಎರ್ನಾಕುಲಂ ಭಾಗದ ಪೊಕ್ಕಾಳಿ ಗದ್ದೆಗಳ ಸೋದರ ಸಂಬಂಧಿ. ಕೆಸರು ಮಣ್ಣಿನ ಒಡ್ಡು, ಅದರಲ್ಲಿ ನೀರು ಬಿಡುವ-ತಡೆಯುವ ಜಂತ್ರಡಿ. ಮಳೆ ಹಿಡಿದು ಉಪ್ಪು ತೊಳೆದುಹೋದ ಮೇಲೆ ಕಗ್ಗ ಬಿತ್ತನೆ. ಉಪ್ಪಿಗೂ ಜಗ್ಗದ, ಕೆಲವು ದಿನ ನೀರಲ್ಲಿ ಮುಳುಗಿದರೂ ಕೊಳೆಯದ ತಳಿ ಅದು, ಗೊಬ್ಬರ ಕೇಳದು. ಕೊಯ್ಲಾದ ಮೇಲೆ ಜಂತ್ರಡಿ ತೆರೆದು ಉಬ್ಬರದ ನೀರು ಒಳಬಿಟ್ಟರೆ ಗದ್ದೆಯೇ ಸಿಗಡಿ, ಮೀನಿನ ತಾಣ.

ಈ ಕ್ರಮವನ್ನು ಮಣ್ಣಿನ ರಸಾಯನದ ಕಡೆಯಿಂದ ನೋಡಿದರೆ ಅದರ ಜಾಣತನ ಬಿಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ಸಿಹಿನೀರು, ಆಮೇಲೆ ಉಪ್ಪುನೀರು ಬರುವುದರಿಂದ ಕೆಳಪದರ ಪೂರ್ತಿ ಒಣಗುವ ಅವಕಾಶವೇ ಇಲ್ಲ. ಅಲ್ಪಸ್ವಲ್ಪ ಆಮ್ಲ ಹುಟ್ಟಿದರೂ ಕಡಲನೀರಿನ ಬೈಕಾರ್ಬನೇಟ್ ಅದನ್ನು ತಣಿಸುತ್ತದೆ. ಉಬ್ಬರ ತಂದ ಹೊಸ ಹೂಳು ಗೊಬ್ಬರವಾಗುತ್ತದೆ.

ಮುಂಬಯಿ ಸರ್ಕಾರ 1948ರಲ್ಲಿ ತಂದ ಖಾರ್ ಭೂಮಿ ಕಾಯ್ದೆ ಇಂಥ ಪ್ರದೇಶಗಳನ್ನು ಸಮುದ್ರದಿಂದ ಗೆದ್ದುಕೊಳ್ಳಬೇಕಾದ ನೆಲವಾಗಿ ಕಂಡಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ದೃಷ್ಟಿ ಮುಂದುವರಿದು, 1970ರ ದಶಕದಲ್ಲಿ ಅಘನಾಶಿನಿಯಲ್ಲಿ ಶಾಶ್ವತ ಒಡ್ಡುಗಳು ಎದ್ದವು. ವರ್ಷವರ್ಷ ಕೂಡಿ ಒಡ್ಡು ರಿಪೇರಿ ಮಾಡುತ್ತಿದ್ದ ಸಾಮೂಹಿಕ ವ್ಯವಸ್ಥೆ ಸಡಿಲಾಯಿತು. ಗುತ್ತಿಗೆಯ ಸಿಗಡಿ ಕೃಷಿ ಕಗ್ಗವನ್ನು ಬದಿಗೊತ್ತಿತು. 1996ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಹೊಂಡಗಳ ವಿರುದ್ಧ ತೀರ್ಪಿತ್ತಿತು. ಅಷ್ಟರಲ್ಲಿ ಎಷ್ಟೋ ಗಜನಿ ಪಾಳುಬಿದ್ದಿತ್ತು. ಒಡ್ಡು ಒಡೆದ ಕಡೆಯಲ್ಲಿ ಕಾಂಡ್ಲ ತಾನಾಗಿ ಮರಳಿ ಬಂತು: ಮಣ್ಣು ಸತ್ತಿರಲಿಲ್ಲ ಎಂಬುದಕ್ಕೆ ಅದು ಪುರಾವೆ. ಉಪ್ಪುನೀರನ್ನು ಹೊರಗಟ್ಟಿದರೆ ಆಮ್ಲದ ಸಮಸ್ಯೆ ಹೇಗೆ ಬೆನ್ನುಹತ್ತುತ್ತದೆ ಎಂಬುದಕ್ಕೆ 1970ರ ದಶಕದಲ್ಲಿ ತಣ್ಣೀರ್‌ಮುಕ್ಕಂ ತಡೆಗಟ್ಟು ಮುಗಿದ ಕೇರಳದ ಕುಟ್ಟನಾಡಿನ ಕರಿ ಮಣ್ಣುಗಳನ್ನು ನೋಡಬಹುದು.

ಎರಡು ನದಿ, ಎರಡು ತಳ

ಶರಾವತಿ ಮತ್ತು ಅಘನಾಶಿನಿ ನೆರೆಹೊರೆಯ ನದಿಗಳು. ಮಳೆ ಒಂದೇ, ಕಲ್ಲು ಹೆಚ್ಚುಕಡಿಮೆ ಒಂದೇ, ಕಡಲು ಒಂದೇ. ಶರಾವತಿಗೆ 1948ರಲ್ಲಿ ಹಿರೇಭಾಸ್ಕರ, 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಗೇರುಸೊಪ್ಪೆ ಅಣೆಕಟ್ಟುಗಳು ಬಂದವು. ಅಘನಾಶಿನಿಗೆ ಒಂದೂ ಅಣೆಕಟ್ಟಿಲ್ಲ. ವಿದ್ಯುತ್ ತೆಗೆದ ಮೇಲೆ ಬಿಡುವ ನೀರು ಬೇಸಿಗೆಯಲ್ಲೂ ಹರಿಯುವುದರಿಂದ ಶರಾವತಿ ಅಳಿವೆಗೆ ಉಪ್ಪಿನ ಋತುವೇ ತಪ್ಪಿಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರ ಅಧ್ಯಯನಗಳು ಇದರ ಫಲವನ್ನು ದಾಖಲಿಸಿವೆ: ಶರಾವತಿಯಲ್ಲಿ ಚಿಪ್ಪಿ ಸಂಪತ್ತು ಬಹುಮಟ್ಟಿಗೆ ಅಳಿದಿದೆ, ಕಾಂಡ್ಲಗಳಲ್ಲಿ ಸಿಹಿನೀರು ಒಗ್ಗುವ ಸೊನರೇಷಿಯಾ ಕೇಸಿಯೊಲಾರಿಸ್ ಮುಂದಾಗಿದೆ. ಅಘನಾಶಿನಿಯಲ್ಲಿ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿ ಸಿಗುತ್ತಿತ್ತು, 2,300ಕ್ಕೂ ಹೆಚ್ಚು ಜನ ಅದರಲ್ಲಿ ತೊಡಗಿದ್ದರು ಎಂಬುದು 2008ರ ಸುಮಾರಿಗೆ ಇದೇ ಸಂಸ್ಥೆಯ ಸಂಶೋಧಕರು ಕೊಟ್ಟ ಅಂದಾಜು.

ಈ ವ್ಯತ್ಯಾಸಕ್ಕೆ ಕಾರಣವಾಗಿ ನೀರಿನ ಉಪ್ಪನ್ನು ಮಾತ್ರ ಹೆಸರಿಸಿದರೆ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ. ಒಂದೊಂದು ಚಿಪ್ಪಿಗೆ ಒಂದೊಂದು ಬಗೆಯ ತಳ ಬೇಕು: ಪೇಫಿಯಾ ಅಳಿವೆ ಬಾಯಿಯ ಹತ್ತಿರದ ಉಸುಕಿನಲ್ಲಿ, ವಿಲ್ಲೊರಿಟಾ ಉಪ್ಪು ಕಡಿಮೆಯಿರುವ ಮೇಲ್ಭಾಗದಲ್ಲಿ, ಮೆರೆಟ್ರಿಕ್ಸ್ ನಡುವಿನ ಉಸುಕು ಬೆರೆತ ಕೆಸರಿನಲ್ಲಿ. ಅಣೆಕಟ್ಟು ಒರಟು ಉಸುಕನ್ನು ಮೇಲೆಯೇ ತಡೆಯುತ್ತದೆ. ಸಲ್ಫೇಟ್ ಕಡಿಮೆಯಾದ ತಳದಲ್ಲಿ ಸಲ್ಫೈಡಿನ ಉತ್ಪತ್ತಿ ಕುಗ್ಗಿ, ಸಾವಯವ ವಸ್ತು ಮೀಥೇನ್ ಆಗಿ ಕೊಳೆಯುವ ಪಾಲು ಹೆಚ್ಚುತ್ತದೆ. ಅಂದರೆ ನದಿಯ ನೀರು ಬದಲಾದಾಗ ತಳದ ಮಣ್ಣಿನ ಜಾತಿಯೂ ನಿಧಾನವಾಗಿ ಬದಲಾಗುತ್ತದೆ.

ಭಟ್ಕಳದ ಸಣ್ಣ ಅಳಿವೆಗಳ ಪಾಡು ಬೇರೆ. ಶರಾಬಿ ಹೊಳೆಗೆ ಊರಿನ ಕೊಳಕು ನೀರೂ ಹೂಳೂ ಸೇರುತ್ತವೆ. ಅಂಥ ಸಾವಯವ ಹೊರೆ ತಳದ ಮೇಲಿನ ಕಂದು ಪದರವನ್ನೇ ನುಂಗಿಬಿಡುತ್ತದೆ. ಆಮೇಲೆ ಅಲ್ಲಿ ಚಿಪ್ಪಿಯ ಮರಿ ನೆಲೆಯೂರದು. ಹೂಳೆತ್ತಿ ದಂಡೆಗೆ ರಾಶಿ ಹಾಕುವುದೂ ಸುಲಭದ ಪರಿಹಾರವಲ್ಲ. ಸಲ್ಫೈಡ್ ತುಂಬಿದ ಕೆಸರು ಬಿಸಿಲಿಗೆ ಒಣಗಿ, ಮೊದಲ ಮಳೆಗೆ ಆಮ್ಲವನ್ನು ಮರಳಿ ಹೊಳೆಗೇ ಬಿಡುತ್ತದೆ.

ಉಪಸಂಹಾರ

ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ಆ ಮನ್ನಣೆ ನೀರು, ಹಕ್ಕಿ, ಕಾಂಡ್ಲ, ಮೀನುಗಳ ಮಹತ್ವವನ್ನು ಸಾರಿತು. ಇವೆಲ್ಲವನ್ನೂ ಹೊತ್ತಿರುವ ತಳದ ಮಣ್ಣಿಗೆ ಮಾತ್ರ ನಕಾಶೆಯಲ್ಲಿ ಇನ್ನೂ ಜಾಗವಿಲ್ಲ. ನಾಗಪುರದಲ್ಲಿ ನೆಲೆಗೊಂಡ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆ, ರಾಜ್ಯದ ಕೃಷಿ ಮತ್ತು ಮೀನುಗಾರಿಕಾ ಇಲಾಖೆಗಳು, ವಿಶ್ವವಿದ್ಯಾಲಯಗಳು ಕೂಡಿ ಈ ಕೆಲಸವನ್ನು ಅಘನಾಶಿನಿಯಿಂದಲೇ ಆರಂಭಿಸಬೇಕು. ಅಣೆಕಟ್ಟಿನ ಕೈ ಸೋಕದ ಅದರ ತಳವನ್ನು ಮಾದರಿಯಾಗಿಟ್ಟುಕೊಂಡರೆ ಶರಾವತಿ, ವೆಂಕಟಾಪುರ, ಶರಾಬಿಗಳಲ್ಲಿ ಆದ ನಷ್ಟವನ್ನು ಅಳೆಯಬಹುದು. ಮಣ್ಣಿನ ಪದರ, ಉಸುಕು-ಜೇಡಿಯ ಪ್ರಮಾಣ, ಸಲ್ಫೈಡ್, ಋತುವಾರು ಉಪ್ಪು ಇವನ್ನು ಅಳೆಯುವುದರ ಜೊತೆಗೆ, ಯಾವ ದಿಬ್ಬದಲ್ಲಿ ಯಾವ ಚಿಪ್ಪಿ ಸಿಗುತ್ತದೆ ಎಂದು ಬಲ್ಲ ಹೆಂಗಸರ, ಕಗ್ಗ ಉಳಿಸಿಕೊಂಡ ಗಜನಿ ರೈತರ ತಿಳಿವನ್ನೂ ಸಮೀಕ್ಷೆಯ ಭಾಗವಾಗಿ ದಾಖಲಿಸಬೇಕು. ತಳದ ಮಣ್ಣಿನ ನಕಾಶೆ ಕೈಗೆ ಬರುವವರೆಗೆ ಈ ಅಳಿವೆಗಳಲ್ಲಿ ಹೊಸ ಒಡ್ಡಿಗಾಗಲಿ, ಹೂಳೆತ್ತುವುದಕ್ಕಾಗಲಿ, ಉಸುಕು ತೆಗೆಯುವುದಕ್ಕಾಗಲಿ ಅನುಮತಿ ಕೊಡುವುದು ಸರಿಯಲ್ಲ.