ಡಿಕ್ಕಿಯಲ್ಲಿ ಅಪ್ಪನ ಬಂದೂಕು: ಮೋಟೆಬೆನ್ನೂರಿನಿಂದ ಠಾಣೆಯವರೆಗೆ

ಇವತ್ತಿನ ಸಂಚಿಕೆ ಶುರುವಾಗೋದು ಒಂದು ಕಾರಿನ ಡಿಕ್ಕಿಯಿಂದ.

ಕೆಲವು ವರ್ಷಗಳ ಹಿಂದಿನ ಮಾತು. ಮೋಟೆಬೆನ್ನೂರಿನ ನಮ್ಮ ಮನೆಯಲ್ಲಿ ಅಪ್ಪ ತೀರಿಕೊಂಡಿದ್ದರು. ಕಾರ್ಯವೆಲ್ಲ ಮುಗಿದು ನೆಂಟರು ಹೋದ ಮೇಲೆ ಅಟ್ಟದ ಮೇಲಿದ್ದ ಬಂದೂಕಿನ ನೆನಪಾಯಿತು. ಮುಂದಿನಿಂದ ಮದ್ದು ತುಂಬುವ ಹಳೇ ಬಂದೂಕು. ಗೋವಿನಜೋಳದ ಹೊಲಕ್ಕೆ ಹಂದಿ ನುಗ್ಗಿದಾಗ ಅಪ್ಪ ಗಾಳಿಗೆ ಒಂದು ಈಡು ಹಾರಿಸುತ್ತಿದ್ದರು, ಅಷ್ಟೇ. ಅಣ್ಣ ಅದನ್ನು ಕಂಬಳಿಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟ. "ಸ್ಟೇಷನ್ನಿಗೆ ಕೊಟ್ಟು ಬರೂಣು ನಡಿ, ಅರ್ಧ ತಾಸಿನ ಕೆಲಸ" ಅಂದ.

ಕಟ್ಟೆ ಮೇಲೆ ಕೂತಿದ್ದ ಕಾಕಾ ತಡೆದರು. "ನಿಲ್ಲೋ ತಮ್ಮಾ. ಲೈಸೆನ್ಸ್ ಯಾರ ಹೆಸರಿಗೈತಿ?"

"ಅಪ್ಪಂದು."

"ಅಪ್ಪ ಎಲ್ಲದಾನ?"

ಅಣ್ಣನ ಹತ್ತಿರ ಉತ್ತರ ಇರಲಿಲ್ಲ. ಇಡೀ ಕಾನೂನು ಆ ಒಂದು ಪ್ರಶ್ನೆಯಲ್ಲೇ ಇದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಈಗ ಜಾರಿಯಲ್ಲಿರೋದು 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ 3ನೇ ಕಲಂ ಪ್ರಕಾರ ಬಂದೂಕು ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕು, ಒಯ್ಯೋಕೂ ಬೇಕು. ಒಂದು ವಿನಾಯಿತಿ ಇದೆ. ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ ಅಥವಾ ಲೈಸೆನ್ಸುದಾರನ ಬಳಕೆಗೆ ಅಂತ ಬೇರೆಯವರು ಒಯ್ಯಬಹುದು. ಆದರೆ ಲೈಸೆನ್ಸುದಾರ ಜೊತೆಗಿರಬೇಕು, ಇಲ್ಲವೇ ಬರೆದುಕೊಟ್ಟಿರಬೇಕು. ನಮ್ಮ ಮನೆಯಲ್ಲಿ ಬರೆದುಕೊಡಬೇಕಾದವರೇ ಇರಲಿಲ್ಲ. ಇನ್ನೊಂದು ಕಡೆ 21ನೇ ಕಲಂ, ಇಟ್ಟುಕೊಳ್ಳುವ ಹಕ್ಕು ಹೋದ ಬಂದೂಕನ್ನು ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ವ್ಯಾಪಾರಿಗೋ ಒಪ್ಪಿಸಬೇಕು ಅನ್ನುತ್ತದೆ. ಒಂದು ಕಲಂ 'ಹೋಗು' ಅನ್ನುತ್ತೆ, ಇನ್ನೊಂದು ದಾರಿಯಲ್ಲಿ ಹಿಡಿಯುತ್ತೆ.

ಒಂದು ಕಬ್ಬಿಣದ ನಳಿಕೆಯನ್ನು ಒಂದು ಊರಿಂದ ಇನ್ನೊಂದು ಊರಿಗೆ ಸಾಗಿಸೋದು ಇಷ್ಟು ದೊಡ್ಡ ವಿಷಯ ಯಾಕಾಯಿತು? ಅದಕ್ಕೆ ಸುಮಾರು ನೂರ ಎಪ್ಪತ್ತು ವರ್ಷ ಹಿಂದೆ ಹೋಗಬೇಕು.

1857ರಲ್ಲಿ ಉತ್ತರದಲ್ಲಿ ದಂಗೆ ಎದ್ದಾಗ ಕಂಪನಿ ಸರ್ಕಾರ ಜನರ ಕೈಯಿಂದ ಆಯುಧ ಕಸಿಯುವ ಕಾನೂನು ತಂತು. ಅದರ ಬಿಸಿ ಮುಧೋಳ ಸಂಸ್ಥಾನದ ಹಲಗಲಿಗೆ ತಟ್ಟಿತು. ಅಲ್ಲಿನ ಬೇಡರಿಗೆ ಆಯುಧ ಅಂದರೆ ಅನ್ನ, ಅದೇ ಮಾನ. ಕೊಡೋದಿಲ್ಲ ಅಂದರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರ್‌ನಲ್ಲಿ 19 ಜನರನ್ನು ನೇಣಿಗೆ ಹಾಕಿದರು. ಆ ಕಥೆ ಲಾವಣಿಯಾಗಿ ಉಳಿಯಿತು. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್.

ಅದೇ ಹೊತ್ತಿಗೆ ಕೊಡಗಿನಲ್ಲಿ ನಡೆದಿದ್ದು ಇದಕ್ಕೆ ಪೂರ್ತಿ ಉಲ್ಟಾ. ಕೊಡವರು ನಂಬಿಗಸ್ತರು ಅಂತ 1861ರಲ್ಲಿ ಮಾರ್ಕ್ ಕಬ್ಬನ್ ಅವರಿಗೆ ಈ ಕಾನೂನಿನಿಂದ ವಿನಾಯಿತಿ ಕೊಟ್ಟ. ಹಲಗಲಿಯಲ್ಲೂ ಬಂದೂಕೇ, ಕೊಡಗಿನಲ್ಲೂ ಬಂದೂಕೇ. ಸರ್ಕಾರ ತೂಗಿದ್ದು ಬಂದೂಕನ್ನಲ್ಲ, ಹಿಡಿದವನನ್ನ.

ಮುಂದೆ ವೈಸರಾಯ್ ಲಿಟ್ಟನ್ ಕಾಲದಲ್ಲಿ, 1878ರಲ್ಲಿ, ದೇಶಕ್ಕೆಲ್ಲ ಅನ್ವಯಿಸುವ ಶಸ್ತ್ರಾಸ್ತ್ರ ಕಾಯ್ದೆ ಬಂತು. ನಮ್ಮೂರು ಆಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. ಆಯುಧ ಸಾಗಣೆ ನಿಷೇಧಿಸುವ ಅಧಿಕಾರ, ದಾರಿಯಲ್ಲಿ ತಪಾಸಣೆ ಮಾಡುವ ಅಧಿಕಾರ, ಅನುಮಾನ ಬರುವ ಹಾಗೆ ಆಯುಧ ಒಯ್ಯುವವರನ್ನು ಬಂಧಿಸುವ ಅಧಿಕಾರ, ಎಲ್ಲಾ ಅದರಲ್ಲಿತ್ತು. ಯುರೋಪಿಯನ್ನರಿಗೆ ಮಾತ್ರ ನಿಯಮಗಳಲ್ಲಿ ವಿನಾಯಿತಿ. 1887ರ ಮದರಾಸು ಅಧಿವೇಶನದಲ್ಲೇ ಕಾಂಗ್ರೆಸ್ ಈ ಕಾಯ್ದೆ ವಿರುದ್ಧ ದನಿ ಎತ್ತಿತು.

ಇಲ್ಲಿಂದ ಕಥೆ ನಮ್ಮೂರಿಗೆ ವಾಪಸ್ ಬರುತ್ತೆ. 1930ರ ಜನವರಿಯಲ್ಲಿ ಗಾಂಧೀಜಿ ಸರ್ಕಾರದ ಮುಂದೆ 11 ಬೇಡಿಕೆ ಇಟ್ಟರು. ಉಪ್ಪಿನ ತೆರಿಗೆ ರದ್ದು ಮಾಡಿ ಅನ್ನೋದು ಎಲ್ಲರಿಗೂ ನೆನಪಿದೆ. ಆತ್ಮರಕ್ಷಣೆಗೆ ಬಂದೂಕಿನ ಲೈಸೆನ್ಸ್ ಕೊಡಿ, ಅದರ ಹತೋಟಿ ಜನರ ಕೈಯಲ್ಲಿರಲಿ ಅನ್ನೋದೂ ಆ ಪಟ್ಟಿಯಲ್ಲಿತ್ತು ಅನ್ನೋದು ಹೆಚ್ಚಿನವರಿಗೆ ಗೊತ್ತಿಲ್ಲ. ಅಹಿಂಸೆಯ ಮನುಷ್ಯ ಬಂದೂಕು ಕೇಳಿದರಾ? ಅವರು ಕೇಳಿದ್ದು ನಂಬಿಕೆಯನ್ನ. ಇಡೀ ಜನಾಂಗವನ್ನೇ ಅನುಮಾನದಿಂದ ನೋಡಬೇಡಿ ಅನ್ನೋದು ಅದರ ತಾತ್ಪರ್ಯ ಅಂತ ನನ್ನ ತಿಳಿವಳಿಕೆ.

ಅದೇ ವರ್ಷ ಮಾರ್ಚ್ 12ರಂದು ದಂಡಿಗೆ ಹೊರಟ ತಂಡದಲ್ಲಿ ಮೋಟೆಬೆನ್ನೂರಿನ ಹುಡುಗ ಒಬ್ಬ ಇದ್ದ. ಮೈಲಾರ ಮಹದೇವಪ್ಪ, ವಯಸ್ಸು ಇನ್ನೂ 18. ಹದಿಮೂರು ವರ್ಷದ ಮೇಲೆ, 1943ರ ಏಪ್ರಿಲ್ 1ರಂದು, ಹೊಸರಿತ್ತಿಯಲ್ಲಿ ಸರ್ಕಾರ ಕಂದಾಯದ ಹಣ ಇಟ್ಟಿದ್ದ ಜಾಗಕ್ಕೆ ನುಗ್ಗಿದಾಗ ಕಾವಲು ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಇವತ್ತು ಹಾವೇರಿ ರೈಲು ನಿಲ್ದಾಣಕ್ಕೆ ಮಹದೇವಪ್ಪನವರ ಹೆಸರಿದೆ. ಯಾರ ಕೈಯಲ್ಲಿ ಬಂದೂಕು ಇರಬೇಕು ಅಂತ ಆಳುವವರೇ ತೀರ್ಮಾನಿಸಿದರೆ ಏನಾಗುತ್ತೆ ಅನ್ನೋದು ನಮ್ಮೂರಿಗೆ ಪುಸ್ತಕದ ವಿಷಯ ಅಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1959ರಲ್ಲಿ ಹೊಸ ಕಾಯ್ದೆ ಆಯಿತು, 1962ರಲ್ಲಿ ಜಾರಿಗೆ ಬಂತು. ಇದು ರೈತನ ಕಡೆ ನೋಡಿತು. ಬೆಳೆ ರಕ್ಷಣೆಗೆ ಮುಂದಿನಿಂದ ಮದ್ದು ತುಂಬುವ ಬಂದೂಕು ಬೇಕು ಅಂದರೆ ಕೊಡಬೇಕು ಅಂತ 13ನೇ ಕಲಂನಲ್ಲಿ ಬರೆದಿದೆ. ಅಪ್ಪನ ಲೈಸೆನ್ಸ್ ಅಂಥದ್ದು. ಆದರೆ ದಾರಿಯ ವಿಷಯಕ್ಕೆ ಬಂದರೆ ಹಳೇ ಎಲುಬುಗಳು ಹಾಗೇ ಇವೆ. 19ನೇ ಕಲಂ: ಪೊಲೀಸರು ಕೇಳಿದರೆ ಲೈಸೆನ್ಸ್ ತೋರಿಸಬೇಕು. 20ನೇ ಕಲಂ: ಒಯ್ಯುವ ರೀತಿ ನೋಡಿ ದುರುದ್ದೇಶದ ಅನುಮಾನ ಬಂದರೆ, ಲೈಸೆನ್ಸ್ ಇದ್ದರೂ ವಾರಂಟ್ ಇಲ್ಲದೆ ಬಂಧಿಸಬಹುದು. ಪೊಲೀಸರಷ್ಟೇ ಅಲ್ಲ, ರೈಲು, ವಾಹನದಲ್ಲಿ ಕೆಲಸ ಮಾಡುವವರಿಗೂ ಆ ಅಧಿಕಾರ ಇದೆ. ಅಂದರೆ ನಮ್ಮ ಬಸ್ಸಿನ ಕಂಡಕ್ಟರಿಗೂ!

ಹಾಗಾದರೆ ಇವತ್ತು ಕಾರಿನಲ್ಲಿ ಬಂದೂಕು ಒಯ್ಯೋರು ಏನು ಮಾಡಬೇಕು? ಲೈಸೆನ್ಸ್ ಕೈಯಲ್ಲಿರಬೇಕು. 2016ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಬಂದೂಕು ಅದಕ್ಕೆಂದೇ ಮಾಡಿದ ಚೀಲದಲ್ಲಿ ಪೂರ್ತಿ ಮುಚ್ಚಿರಬೇಕು, ಒಯ್ಯುವವರ ಹತೋಟಿಯಲ್ಲಿರಬೇಕು. ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಶಾಲೆ ಕಾಲೇಜಿನ ಆವರಣಕ್ಕೆ ವಿಶೇಷ ಅನುಮತಿ ಇಲ್ಲದೆ ಒಯ್ಯುವ ಹಾಗಿಲ್ಲ. ಲೈಸೆನ್ಸ್ ಯಾವ ಪ್ರದೇಶಕ್ಕೆ ಅಂತ ಅದರಲ್ಲೇ ಬರೆದಿರುತ್ತೆ. ನಮ್ಮೂರ ಹೆದ್ದಾರಿ ಪುಣೆಯವರೆಗೂ ಹೋಗುತ್ತೆ, ಕರ್ನಾಟಕಕ್ಕಷ್ಟೇ ಸೀಮಿತವಾದ ಲೈಸೆನ್ಸ್ ನಿಪ್ಪಾಣಿ ದಾಟೋದಿಲ್ಲ. ಲೈಸೆನ್ಸಿನ ಷರತ್ತು ಮುರಿದರೆ ಆರು ತಿಂಗಳವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕೊಡವರ ವಿನಾಯಿತಿಗೂ ದಾರಿಯ ಲೆಕ್ಕ ಇದೆ. ಕೊಡಗಿನಿಂದ ಹೊರಗೆ ಹೊರಟರೆ ಒಂದು ರೈಫಲ್, 100 ಗುಂಡು, ಒಂದು ನಯ ನಳಿಕೆಯ ಕೋವಿ, 500 ತೋಟಾ, ಅಷ್ಟೇ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿಯಿತು.

ನನಗೆ ಈ ನಿಯಮಗಳ ಮೇಲೆ ಸಿಟ್ಟಿಲ್ಲ. ತುಂಬಿದ ಬಂದೂಕು ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕಾಡಿದರೆ ಅದಕ್ಕೆ ಮಾಲೀಕ ಯಾರು ಅಂತ ಗೊತ್ತಿರಲ್ಲ. ತಪಾಸಣೆ ಬೇಕು. ಆದರೆ ಪ್ರಜೆಯನ್ನು ಅನುಮಾನಿಸುತ್ತಿದ್ದ ಪರದೇಶಿ ಸರ್ಕಾರ ಹಾಕಿಟ್ಟ ಚೌಕಟ್ಟಿನೊಳಗೇ ನಾವು ನಂಬಿಕೆಯ ಕಾನೂನು ಬರೆದುಕೊಂಡಿದ್ದೇವೆ ಅನ್ನೋದು ಮರೆಯಬಾರದು. ನಿಯಮ ಗೊತ್ತಿಲ್ಲದ ರೈತನ ಮಗ ಸದುದ್ದೇಶದಿಂದ ಹೊರಟರೂ ದಾರಿಯಲ್ಲಿ ಆರೋಪಿ ಆಗಬಹುದು. ಅವನಿಗೆ ಹೇಳುವವರು ಬೇಕು. ನಮಗೆ ಕಾಕಾ ಇದ್ದರು.

ಅವತ್ತು ಕಾಕಾ ಠಾಣೆಗೆ ಫೋನ್ ಮಾಡಿಸಿದರು. ಒಬ್ಬ ಪೇದೆ ಬಂದು, ನಳಿಕೆ ಖಾಲಿ ಇದೆಯಾ ನೋಡಿ, ನಮ್ಮ ಕಾರಿನಲ್ಲೇ ಕೂತರು. ಠಾಣೆಯಲ್ಲಿ ರಸೀದಿ ಕೊಟ್ಟರು. ವಾರಸುದಾರರು ಲೈಸೆನ್ಸ್ ಮಾಡಿಸಿಕೊಂಡರೆ ಗೊತ್ತಾದ ಅವಧಿಯೊಳಗೆ ವಾಪಸ್ ಪಡೆಯಬಹುದು ಅಂದರು. ಅಣ್ಣ ಹೋಗಲಿಲ್ಲ. ಈಗ ಹೊಲಕ್ಕೆ ತಂತಿ ಬೇಲಿ ಹಾಕಿದ್ದಾನೆ. ರಸೀದಿ ಮಾತ್ರ ಅಪ್ಪನ ಫೋಟೋ ಹಿಂದೆ ಸಿಕ್ಕಿಸಿಟ್ಟಿದ್ದಾನೆ.

ನಿಮ್ಮ ಮನೆಯ ಅಟ್ಟದಲ್ಲೂ ಅಜ್ಜನದೋ ಅಪ್ಪನದೋ ಬಂದೂಕು ಇದ್ದರೆ, ಡಿಕ್ಕಿ ತೆಗೆಯೋ ಮೊದಲು ಲೈಸೆನ್ಸ್ ಯಾರ ಹೆಸರಿಗಿದೆ ಅಂತ ನೋಡಿ, ಠಾಣೆಗೆ ಒಂದು ಫೋನ್ ಮಾಡಿ.