ಪದದ ನಡೆ, ಹಾಡಿನ ಧಾಟಿ

ಸಂಗೀತದಲ್ಲಿ ಪ್ರಯೋಗ ಎಂದೊಡನೆ ನಾವು ಹೊಸ ವಾದ್ಯವನ್ನೋ ಹೊಸ ರಾಗವನ್ನೋ ಹುಡುಕುತ್ತೇವೆ. ಶ್ರೀರಂಗಪಟ್ಟಣ, ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆಗಳ ನೆಲದಿಂದ ಬಂದ ಹಾಡುಗಳು ಬೇರೆಯದನ್ನು ಹೇಳುತ್ತವೆ: ಕನ್ನಡದಲ್ಲಿ ಹೊಸತನ ಮೊದಲು ಬಂದದ್ದು ಪದದ ನಡೆಗೆ, ಧಾಟಿ ಅದರ ಬೆನ್ನಿಗೆ ಬಂತು. 1673ರಿಂದ 1704ರವರೆಗೆ ಶ್ರೀರಂಗಪಟ್ಟಣದಿಂದ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನಲ್ಲಿರುವ ‘ಗೀತಗೋಪಾಲ’ಕ್ಕೆ ಮಾದರಿ ಜಯದೇವನ ‘ಗೀತಗೋವಿಂದ’. ಆದರೆ ಅಷ್ಟಪದಿ ಇಲ್ಲಿ ಏಳು ಚರಣಗಳ ಸಪ್ತಪದಿಯಾಯಿತು. ಅದೇ ಆಸ್ಥಾನದ ಸಿಂಗರಾರ್ಯ ಹರ್ಷನ ‘ರತ್ನಾವಳಿ’ಯನ್ನು ‘ಮಿತ್ರವಿಂದಾ ಗೋವಿಂದ’ವಾಗಿಸಿದ. ನಮಗೆ ಸಿಕ್ಕಿರುವ ಮೊದಲ ಕನ್ನಡ ನಾಟಕ ಅದು. ಹಾಡೂ ನಾಟಕವೂ ಒಂದೇ ಊರಲ್ಲಿದ್ದವು, ಒಂದಾಗಿರಲಿಲ್ಲ.

ಅವು ಒಂದಾಗಲು ಮೊದಲು ಛಂದಸ್ಸು ಸಡಿಲಬೇಕಿತ್ತು. ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಹೆಸರಿನಲ್ಲೇ ಹೊತ್ತ ಬಿ.ಎಂ. ಶ್ರೀಕಂಠಯ್ಯನವರು ಆ ಕೆಲಸ ಮಾಡಿದರು. 1926ರ ‘ಇಂಗ್ಲಿಷ್ ಗೀತಗಳು’ ತಂದದ್ದು ಇಂಗ್ಲಿಷ್ ಭಾವವನ್ನು ಮಾತ್ರವಲ್ಲ. ಷಟ್ಪದಿಯ ಚೌಕಟ್ಟಿನೊಳಗಿದ್ದ ಮಾತ್ರಾಗಣಗಳನ್ನು ಅವರು ಬಿಡಿಸಿಕೊಂಡು ಬೇಕಾದ ಉದ್ದದ ಸಾಲುಗಳಿಗೆ, ಹೊಸ ಪದ್ಯಬಂಧಗಳಿಗೆ ಹೆಣೆದರು. ಮೂರು ಮಾತ್ರೆಯ ಗಣ ಓದಿದೊಡನೆ ತಿಶ್ರ ನಡೆ ಹಿಡಿಯುತ್ತದೆ, ಐದಾದರೆ ಖಂಡ, ಮೂರು ನಾಲ್ಕು ಸೇರಿದರೆ ಮಿಶ್ರ. ಹಾಡುವವನು ಬರುವ ಮೊದಲೇ ತಾಳ ಸಾಲಿನೊಳಗೆ ಕೂತಿರುತ್ತದೆ.

ಈ ಬಿಡುಗಡೆಯನ್ನು ಪೂರ್ತಿ ಸಂಗೀತಕ್ಕೆ ಒಯ್ದವರು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಪು.ತಿ. ನರಸಿಂಹಾಚಾರ್ (ಪುತಿನ). ಅಲ್ಲಿ ಉತ್ಸವ ಹೊರಟರೆ ದೇವರ ಮುಂದೆ ದಿವ್ಯಪ್ರಬಂಧದ ಗೋಷ್ಠಿ ಆಳ್ವಾರರ ತಮಿಳು ಪಾಶುರಗಳನ್ನು ಹೇಳುತ್ತಾ ನಡೆಯುತ್ತದೆ, ಹಿಂದೆ ವೇದಘೋಷ ಬರುತ್ತದೆ. ಹಲವು ಕಂಠಗಳು ಸೇರಿ, ಹೆಜ್ಜೆ ಹಾಕುತ್ತಾ, ಒಬ್ಬನ ಕಥೆಗಾಗಿ ಉಲಿಯುವ ಆ ಕ್ರಮಕ್ಕೂ 1945ರ ‘ಗೋಕುಲ ನಿರ್ಗಮನ’ಕ್ಕೂ ನಂಟಿದೆ ಎಂದೇ ನಾನು ಓದುತ್ತೇನೆ. ಕೃಷ್ಣ ಗೋಕುಲ ಬಿಟ್ಟು ಹೊರಡುವ ಆ ಗೇಯನಾಟಕದಲ್ಲಿ ಹಾಡು ಕಥೆಯ ನಡುವಿನ ಅಲಂಕಾರವಲ್ಲ, ಕಥೆ ಸಾಗುವುದೇ ಹಾಡಿನಲ್ಲಿ. ಪುತಿನ ರಾಗ ತಾಳಗಳನ್ನು ತಾವೇ ಯೋಚಿಸಿ ಬರೆದರು, ಹೊಸ ರಾಗಗಳನ್ನೂ ಕಲ್ಪಿಸಿದರು. ಅವರ ‘ಹಂಸದಮಯಂತಿ ಮತ್ತು ಇತರ ರೂಪಕಗಳು’ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು.

ಇದು ಕರ್ನಾಟಕ ಸಂಗೀತದ ಗಡಿಯೊಳಗಿನ ಮಾತಾಯಿತು, ಪ್ರಯೋಗ ಎಲ್ಲಿ ಬಂತು ಎಂದು ಕೇಳಬಹುದು. ಜಪಾನಿನ ತೋರು ತಾಕೆಮಿತ್ಸು 1967ರ ‘ನವೆಂಬರ್ ಸ್ಟೆಪ್ಸ್’ನಲ್ಲಿ ಜಪಾನಿ ವಾದ್ಯಗಳಾದ ಬಿವಾ, ಶಾಕುಹಾಚಿಗಳನ್ನು ಪಾಶ್ಚಾತ್ಯ ವಾದ್ಯವೃಂದದ ಎದುರು ನಿಲ್ಲಿಸಿದರು, ಎರಡನ್ನೂ ಬೆರೆಸಲಿಲ್ಲ. ಆ ಅಂತರ ಕಿವಿಗೆ ಕೂಡಲೇ ತಿಳಿಯುತ್ತದೆ. ಪುತಿನ ಅವರದು ಕರಗಿಸುವ ದಾರಿ: ಜಯದೇವ, ಆಳ್ವಾರರು, ನವೋದಯದ ಭಾವಗೀತೆ ಎಲ್ಲವೂ ಕನ್ನಡದ ಮಾತ್ರೆಯಲ್ಲಿ ಕರಗಿವೆ. ಕೀರ್ತನೆಯ ಪಲ್ಲವಿ, ಚರಣಗಳ ಕಟ್ಟನ್ನು ಸಂಭಾಷಣೆಗೆ ಬಗ್ಗಿಸುವುದು ಸಣ್ಣ ಕೆಲಸವಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಜನರ ಬಾಯಲ್ಲಿ ಉಳಿದದ್ದು ಗೇಯನಾಟಕವಲ್ಲ, ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ. 1942ರ ‘ಮೈಸೂರು ಮಲ್ಲಿಗೆ’ಯ ಕವಿತೆಗಳು ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಅವರ ಕಂಠದಲ್ಲಿ ಮನೆಮನೆ ಸೇರಿದವು, ಟಿ.ಎಸ್. ನಾಗಾಭರಣ ಅವರ ಸಿನಿಮಾ ಆದವು. ನಿಜ. ಆದರೆ ಆ ಸಾಲುಗಳು ಅಷ್ಟು ಸಲೀಸಾಗಿ ಧಾಟಿಗೆ ಒಗ್ಗಿದ್ದು ಬೆಳ್ಳೂರಿನ ಕವಿ ಸಡಿಲಿಸಿಕೊಟ್ಟ ಅದೇ ಗಣಗಳಿಂದ. ವ್ಯತ್ಯಾಸ ಇರುವುದು ಅಳತೆಯಲ್ಲಿ. ಭಾವಗೀತೆಗೆ ಒಂದು ಕಂಠ, ಒಂದು ಹಾರ್ಮೋನಿಯಂ, ಕ್ಯಾಸೆಟ್ಟಿನ ಕೆಲವು ನಿಮಿಷ ಸಾಕು. ‘ಗೋಕುಲ ನಿರ್ಗಮನ’ಕ್ಕೆ ಹಾಡಬಲ್ಲ ಇಡೀ ನಟವರ್ಗ ಬೇಕು, ತಿಂಗಳುಗಟ್ಟಲೆ ತಾಲೀಮು ಬೇಕು. ಬಿ.ವಿ. ಕಾರಂತರು ಅದನ್ನು ರಂಗಕ್ಕೆ ತಂದಾಗ ಆ ಪದಗಳು ಪುಸ್ತಕದಿಂದೆದ್ದು ನಡೆದಾಡಿದವು.